ಕ್ರೌನ್-ಪಿನಿಯನ್ 3.55ರಿಂದ 4.10ಕ್ಕೆ: ಪಿಕಪ್ ನಿಜಕ್ಕೂ ಎಷ್ಟು ಹೆಚ್ಚುತ್ತದೆ?

ಐದನೇಗೇರ್:
ರಿಯರ್ ವೀಲ್ ಡ್ರೈವ್ ಸೆಡಾನ್, ಐದು ಗೇರಿನ ಮ್ಯಾನುಯಲ್. ರೇಶಿಯೋಗಳು 3.60, 2.05, 1.40, 1.00, 0.80. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಗೇರ್ ಜೋಡಿ) 3.55, ಅಂದರೆ ಪಿನಿಯನ್ 3.55 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟಯರ್ 205/55 ಆರ್16, ರೆಡ್‌ಲೈನ್ 6500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತಬಹುದಾದ ಗರಿಷ್ಠ ಸುತ್ತು), ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 180 ನ್ಯೂಟನ್ ಮೀಟರ್, ತೂಕ ಸುಮಾರು 1300 ಕೆ.ಜಿ. ಇದೇ ಆಕ್ಸಲ್‌ಗೆ 4.10 ಸೆಟ್ ಸಿಗುತ್ತದೆ. ಚಕ್ರಕ್ಕೆ 15.5% ಹೆಚ್ಚು ಟಾರ್ಕ್ ಅನ್ನುವುದು ಲೆಕ್ಕ. ಹಾಗಾದರೆ 0–100 ಸಮಯವೂ 15% ಇಳಿಯುತ್ತದೆಯೇ? ಬಿಚ್ಚಿ ಕೂರಿಸುವ ಕೆಲಸ ಎಷ್ಟು ತಲೆನೋವು?

ಹಲ್ಲೆಣಿಕೆ:
ಇಳಿಯುವುದಿಲ್ಲ. ನಿಮ್ಮ ಗಾಡಿಯಲ್ಲಿ 0–100 ಸಮಯ ಮೊದಲಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ನೀವೇ ಕೊಟ್ಟ ಅಂಕಿಗಳಲ್ಲಿ ನೋಡಿ.

ಈ ಟಯರ್ ಒಂದು ಸುತ್ತಿಗೆ ಸುಮಾರು 1.93 ಮೀಟರ್ ಹೋಗುತ್ತದೆ. ವೇಗ = ಆರ್‌ಪಿಎಂ × 1.93 × 60 ÷ 1000 ÷ (ಗೇರ್ × ಡಿಫರೆನ್ಷಿಯಲ್). 6500ಕ್ಕೆ ಹಿಡಿದರೆ,

3.55ರಲ್ಲಿ ಮೊದಲ ಗೇರ್ 59 ಕಿ.ಮೀ., ಎರಡನೆಯದು 103, ಮೂರನೆಯದು 151.
4.10ರಲ್ಲಿ ಮೊದಲ ಗೇರ್ 51, ಎರಡನೆಯದು 90ಕ್ಕೆ ಸ್ವಲ್ಪ ಕಡಿಮೆ, ಮೂರನೆಯದು 131.

ಈಗ ಎರಡನೇ ಗೇರಿನಲ್ಲೇ ನೂರು ಮುಟ್ಟುತ್ತೀರಿ. 4.10 ಹಾಕಿದರೆ 90ಕ್ಕೇ ಮೂರನೆಯದಕ್ಕೆ ಹೋಗಲೇಬೇಕು. ಆ ಒಂದು ಗೇರ್ ಬದಲಾವಣೆಗೆ ಚುರುಕಾದ ಕೈಗೂ 0.3ರಿಂದ 0.5 ಸೆಕೆಂಡ್ ಬೇಕು. ಗಳಿಸಿದ್ದರಲ್ಲಿ ಬಹುಪಾಲು ಅಲ್ಲೇ ಹೋಯಿತು.

ವೇಗದ ಪಟ್ಟಿಯನ್ನು ತುಂಡು ತುಂಡಾಗಿ ನೋಡಿದರೆ ಇನ್ನೂ ಸ್ಪಷ್ಟ. 0–51ರವರೆಗೆ ಎರಡೂ ಮೊದಲ ಗೇರಿನಲ್ಲಿ, ನಿಮಗೆ 15.5% ಲಾಭ. 51–59ರಲ್ಲಿ ಹಳೆಯದು ಇನ್ನೂ ಮೊದಲನೆಯದರಲ್ಲಿದೆ, ಹೊಸದು ಎರಡಕ್ಕೆ ಬಂದಾಗಿದೆ. ಅಲ್ಲಿ ಒಟ್ಟು ರೇಶಿಯೋ 12.78ರ ಎದುರು 8.4, ಅಂದರೆ 34% ನಷ್ಟ. 59–90 ಮತ್ತೆ ಲಾಭ. 90–103 ಮತ್ತೆ 21% ನಷ್ಟ. ರೆಡ್‌ಲೈನ್ ಹತ್ತಿರ ಹಳೆಯದರ ಟಾರ್ಕ್ ಬಿದ್ದಿರುತ್ತದೆ, ಹಾಗಾಗಿ ನಷ್ಟ ಕಾಗದದ ಮೇಲಿನಷ್ಟು ದೊಡ್ಡದಲ್ಲ. ಆದರೂ ಲಾಭ ನಿರಂತರವಲ್ಲ ಅನ್ನುವುದಂತೂ ನಿಜ. ಡಿಫರೆನ್ಷಿಯಲ್ ಎಂಜಿನ್‌ಗೆ ಒಂದು ಕುದುರೆಯನ್ನೂ ಸೇರಿಸುವುದಿಲ್ಲ, ಇರುವ ಕುದುರೆಗಳು ಯಾವ ವೇಗದಲ್ಲಿ ಸಿಗಬೇಕು ಅನ್ನುವುದನ್ನು ಜರುಗಿಸುತ್ತದೆ, ಅಷ್ಟೇ.

ನೆಲಹಿಡಿತ:
ಮೊದಲ ಗೇರಿನ 15.5% ಕೂಡ ಕೈಗೆ ಸಿಗುವುದು ಅನುಮಾನ. 180 × 12.78, ಅದರಲ್ಲಿ 10% ಘರ್ಷಣೆಗೆ ಕಳೆಯಿರಿ, ಟಯರಿನ ತ್ರಿಜ್ಯ 0.307 ಮೀಟರಿನಿಂದ ಭಾಗಿಸಿ. ಸುಮಾರು 6,740 ನ್ಯೂಟನ್ ತಳ್ಳು. 1300 ಕೆ.ಜಿ. ಗಾಡಿ ಹೊರಡುವಾಗ ತೂಕ ಹಿಂದಕ್ಕೆ ಸರಿದು ಹಿಂಚಕ್ರಗಳ ಮೇಲೆ 57% ಬಿತ್ತು, ಒಣ ರಸ್ತೆಯ ಹಿಡಿತ 0.9 ಅಂತ ಇಟ್ಟುಕೊಂಡರೂ ಟಯರ್ ತಾಳಿಕೊಳ್ಳುವುದು 6,540ರಷ್ಟೇ. ಅಂದರೆ 3.55ರಲ್ಲೇ ಟಯರ್ ಜಾರುವ ಅಂಚಿನಲ್ಲಿದೆ. 4.10ರಲ್ಲಿ ತಳ್ಳು 7,790 ಆಗುತ್ತದೆ, ಹೆಚ್ಚಾದದ್ದೆಲ್ಲ ಹೊಗೆ. ಹಲ್ಲಿದ್ದಾಗ ಕಡಲೆ ಇಲ್ಲ ಅಂದಂತೆ.

ಹಲ್ಲೆಣಿಕೆ:
ಇನ್ನೊಂದು ಕಳೆಯುವ ಲೆಕ್ಕವೂ ಇದೆ. ಎಂಜಿನ್, ಫ್ಲೈವೀಲ್, ಕ್ಲಚ್ ಇವನ್ನೂ ತಿರುಗಿಸಿ ವೇಗಕ್ಕೆ ತರಬೇಕು. ಆ ಜಡತ್ವ ಗಾಡಿಗೆ ತೂಕ ಸೇರಿಸಿದಂತೆ ಕಾಣಿಸುತ್ತದೆ, ಮತ್ತು ಅದು ರೇಶಿಯೋದ ವರ್ಗದಂತೆ ಏರುತ್ತದೆ. ಜಡತ್ವ 0.2 ಕೆ.ಜಿ. ಚದರ ಮೀಟರ್ ಎಂದುಕೊಂಡರೆ ಮೊದಲ ಗೇರಿನಲ್ಲಿ ಅದು 3.55ಕ್ಕೆ 347 ಕೆ.ಜಿ., 4.10ಕ್ಕೆ 462 ಕೆ.ಜಿ. ತೂಕಕ್ಕೆ ಸಮ. ಹೀಗಾಗಿ ಮೊದಲ ಗೇರಿನಲ್ಲಿ ಟಯರ್ ಜಾರದಿದ್ದರೂ 15.5% ಹೋಗಿ 8% ಉಳಿಯುತ್ತದೆ. ಎರಡನೆಯದರಲ್ಲಿ 12.5% ಹತ್ತಿರ. ಮೇಲಿನ ಗೇರುಗಳಲ್ಲಿ ಬಹುತೇಕ ಪೂರ್ತಿ ಸಿಗುತ್ತದೆ.

ಐದನೇಗೇರ್:
ಹಾಗಾದರೆ ಮಾಡುವುದೇ ದಂಡವೇ?

ನೆಲಹಿಡಿತ:
ದಂಡವಲ್ಲ. ಯಾವುದಕ್ಕೆ ಮಾಡುತ್ತೀರಿ ಅನ್ನುವುದು ಮುಖ್ಯ. ಮೂರನೇ ಗೇರಿನಲ್ಲಿ 80–120 ತೆಗೆದುಕೊಳ್ಳಿ. 4.10ರಲ್ಲೂ ಮೂರನೆಯದು 131ರವರೆಗೆ ಎಳೆಯುತ್ತದೆ, ಹಾಗಾಗಿ ನಡುವೆ ಗೇರ್ ಬದಲಿಸುವ ಪ್ರಶ್ನೆಯೇ ಇಲ್ಲ. ಓವರ್‌ಟೇಕ್‌ನಲ್ಲಿ ಆ 15% ಕಾಲಿಗೇ ಗೊತ್ತಾಗುತ್ತದೆ. ಏರು ರಸ್ತೆ, ತುಂಬಿದ ಗಾಡಿ, ಟ್ರೇಲರ್, ಇವಕ್ಕೂ ಹಾಗೆಯೇ. ಸ್ಟಾಪ್‌ವಾಚ್ ಹಿಡಿದು 0–100 ನೋಡುವವರಿಗೆ ಮಾತ್ರ ನಿರಾಸೆ.

ತೆರಬೇಕಾದ ಬೆಲೆ ಐದನೇ ಗೇರಿನಲ್ಲಿದೆ. 100ರಲ್ಲಿ ಈಗ 2450 ಆರ್‌ಪಿಎಂ, ಆಮೇಲೆ 2830. 120ರಲ್ಲಿ 2940 ಇದ್ದದ್ದು 3400. ಸದ್ದು, ಪೆಟ್ರೋಲು ಎರಡೂ ಏರುತ್ತವೆ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕೂಡ ಅದೇ ವೇಗಕ್ಕೆ 15% ಜೋರಾಗಿ ತಿರುಗುತ್ತದೆ. ಬ್ಯಾಲೆನ್ಸ್ ಸರಿಯಿಲ್ಲದ ಶಾಫ್ಟ್ ಇದುವರೆಗೆ ಸುಮ್ಮನಿದ್ದರೆ ಈಗ ನಡುಕ ಶುರುಮಾಡಬಹುದು.

ಶಿಮ್‌ಪ್ಯಾಕ್:
3.73 ಯಾಕೆ ಬೇಡ? ನಡುದಾರಿ.

ಹಲ್ಲೆಣಿಕೆ:
3.73ರಲ್ಲಿ ಎರಡನೇ ಗೇರ್ 98.4ಕ್ಕೆ ನಿಲ್ಲುತ್ತದೆ. ಒಂದೂವರೆ ಕಿ.ಮೀ.ಗಾಗಿ ಮತ್ತೆ ಗೇರ್ ಬದಲಿಸಬೇಕು, ಸಿಗುವುದು ಬರೀ 5%. ಆಕ್ಸಲ್ ಬಿಚ್ಚುವುದೇ ಆದರೆ ಫರಕು ಕಾಣುವಂತಿರಲಿ. ಅಂದಹಾಗೆ ಎರಡನೇ ಗೇರ್ ಸರಿಯಾಗಿ ನೂರಕ್ಕೆ ಮುಗಿಯಬೇಕಾದರೆ ಬೇಕಿರುವುದು 3.67. ಅದು ಟಯರ್ ಬದಲಿಸಿದರೂ ಸಿಗುತ್ತದೆ: 205/50 ಆರ್16ರ ವ್ಯಾಸ 632ರ ಬದಲು 611 ಮಿ.ಮೀ., 3.3% ಚಿಕ್ಕದು. ಒಂದು ಸ್ಪ್ಯಾನರ್ ಮುಟ್ಟದೆ 3.67ರ ಪರಿಣಾಮ. ಗಾಡಿ 10 ಮಿ.ಮೀ. ತಗ್ಗುತ್ತದೆ, ಟಯರಿನ ಲೋಡ್ ಇಂಡೆಕ್ಸ್ (ಅದು ತಾಳುವ ಭಾರದ ಅಂಕಿ) ಮಾತ್ರ ನೋಡಿಕೊಳ್ಳಬೇಕು.

ಇದೇ ಸೂತ್ರ ತಿರುಗಿಸಿದರೆ ದೊಡ್ಡ ಟಯರ್ ಹಾಕಿ ಗಾಡಿ ಮಂದವಾದವರಿಗೂ ಉಪಯೋಗ. ಹೊಸ ರೇಶಿಯೋ = ಹಳೆಯದು × ಹೊಸ ವ್ಯಾಸ ÷ ಹಳೆ ವ್ಯಾಸ. 3.73 ಇದ್ದ ಗಾಡಿಗೆ 29 ಇಂಚಿನ ಬದಲು 33 ಇಂಚು ಹಾಕಿದರೆ 4.24 ಬೇಕು. ಈ ಕೆಲಸಕ್ಕೇ ರೇಶಿಯೋ ಬದಲಿಸುವುದು ನನ್ನ ಪ್ರಕಾರ ಅತ್ಯಂತ ನ್ಯಾಯವಾದ ಕಾರಣ.

ಐದನೇಗೇರ್:
ನನಗೆ ಬೇಕಿರುವುದು ಓವರ್‌ಟೇಕ್ ಮತ್ತು ಏರು ರಸ್ತೆಯೇ. 4.10 ಅಂತ ನಿರ್ಧರಿಸಿದೆ. ಸೆಟ್ ಕೊಳ್ಳುವ ಮುಂಚೆ ಏನು ನೋಡಬೇಕು?

ಶಿಮ್‌ಪ್ಯಾಕ್:
ಮೊದಲು ಕೇಸ್. ಕ್ರೌನ್ ವೀಲ್ ಬೋಲ್ಟ್ ಆಗುವ ಡಿಫರೆನ್ಷಿಯಲ್ ಕೇಸ್‌ನ ಫ್ಲಾಂಜ್ ಎಲ್ಲಿದೆ ಅನ್ನುವುದು ರೇಶಿಯೋ ಮೇಲೆ ಹೋಗುತ್ತದೆ. ರೇಶಿಯೋ ಏರಿದಂತೆ ಪಿನಿಯನ್ ತಲೆ ಚಿಕ್ಕದಾಗುತ್ತದೆ, ಕ್ರೌನ್ ಅದರ ಹತ್ತಿರ ಬರಬೇಕು. ಹಾಗಾಗಿ ಕೆಲವು ಆಕ್ಸಲ್‌ಗಳಲ್ಲಿ ಒಂದು ಮಿತಿ ದಾಟಿದರೆ ಕೇಸೇ ಬೇರೆ. ಡಾನಾ 44 ಎಂಬ ಆಕ್ಸಲ್‌ನಲ್ಲಿ 3.73ರವರೆಗೆ ಒಂದು ಕೇಸ್, 3.92ರಿಂದ ಮೇಲೆ ಇನ್ನೊಂದು. ಫೋರ್ಡ್ 8.8ರಲ್ಲಿ ಆ ತಕರಾರಿಲ್ಲ. ನಿಮ್ಮ ಆಕ್ಸಲ್‌ನಲ್ಲಿ 3.55ಕ್ಕೂ 4.10ಕ್ಕೂ ನಡುವೆ ಅಂಥ ಗೆರೆ ಇದೆಯೇ ಅಂತ ಪಾರ್ಟ್ಸ್ ಕೆಟಲಾಗ್‌ನಲ್ಲಿ ಖಚಿತ ಮಾಡಿಕೊಳ್ಳಿ. ಇದ್ದರೆ ಕೇಸ್ ತೆಗೆದುಕೊಳ್ಳಬೇಕು, ಇಲ್ಲವೇ ದಪ್ಪ ಕ್ರೌನ್ ಇರುವ ಸೆಟ್.

ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತದೆ; ಬೇರೆ ಬೇರೆ ಇದ್ದರೆ ವಾಪಸ್ ಕೊಡಿ. ಹಲ್ಲು ಎಣಿಸಿ: 41/10 = 4.10, ನಿಮ್ಮ ಹಳೆಯದು 39/11 ಇರಬೇಕು. ಎರಡು ಸಂಖ್ಯೆಗೂ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಪ್ರತಿ ಹಲ್ಲೂ ಎಲ್ಲ ಹಲ್ಲನ್ನೂ ಮುಟ್ಟಿ ಸವೆಯುತ್ತದೆ, ಹೇಗೆ ಕೂರಿಸಿದರೂ ಸರಿ. 40/10ರಂಥ ಸೆಟ್ ಆದರೆ ಗುರುತಿಗೆ ಗುರುತು ಕೂಡಿಸಿಯೇ ಹಾಕಬೇಕು.

ಜೊತೆಗೆ ಬೇಕಾದದ್ದು: ಪಿನಿಯನ್‌ನ ಎರಡು ಬೇರಿಂಗ್, ಸೈಡ್ ಬೇರಿಂಗ್ ಎರಡು, ಪಿನಿಯನ್ ಸೀಲ್, ಹೊಸ ಪಿನಿಯನ್ ನಟ್, ಕ್ರಷ್ ಸ್ಲೀವ್ ಎರಡು (ಪಿನಿಯನ್ ಬೇರಿಂಗ್‌ಗಳ ನಡುವೆ ಕುಸಿದು ಬಿಗಿ ಕೊಡುವ ಕೊಳವೆ; ಒಂದು ಹಾಳಾಗುತ್ತದೆ ಅಂತಲೇ ಇಟ್ಟುಕೊಳ್ಳಿ), ಹೊಸ ಕ್ರೌನ್ ಬೋಲ್ಟುಗಳು, ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳು, ಮಾರ್ಕಿಂಗ್ ಪೇಸ್ಟ್. ಸಲಕರಣೆಯಲ್ಲಿ ಮ್ಯಾಗ್ನೆಟ್ ಸ್ಟ್ಯಾಂಡಿನ ಡಯಲ್ ಗೇಜ್ ಮತ್ತು ಪ್ರೆಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಡಯಲ್‌ಗೇಜ್:
ಕ್ರಮ ಹೇಳುತ್ತೇನೆ.

ಬಿಚ್ಚುವ ಮುಂಚೆ ಅಳೆಯಿರಿ. ಹಳೆ ಸೆಟ್‌ನ ಬ್ಯಾಕ್‌ಲ್ಯಾಶ್ (ಎರಡು ಗೇರಿನ ಹಲ್ಲುಗಳ ನಡುವಿನ ಸಡಿಲ) ಎಷ್ಟು, ಹಲ್ಲಿನ ಗುರುತು (ಪೇಸ್ಟ್ ಬಳಿದು ತಿರುಗಿಸಿದಾಗ ಹಲ್ಲು ತಾಗಿದ ಜಾಗ) ಎಲ್ಲಿ ಬೀಳುತ್ತದೆ, ಬರೆದಿಡಿ. ಹೌಸಿಂಗ್ ನೆಟ್ಟಗಿದೆಯೇ ಅನ್ನುವುದಕ್ಕೆ ಅದೇ ಸಾಕ್ಷಿ. ಬೇರಿಂಗ್ ಕ್ಯಾಪ್‌ಗಳಿಗೆ ಎಡ-ಬಲ, ಮೇಲೆ-ಕೆಳಗೆ ಪಂಚ್ ಹೊಡೆದು ಗುರುತು ಹಾಕಿ. ಅವು ಹೌಸಿಂಗ್ ಜೊತೆಗೇ ಬೋರ್ ಆಗಿರುತ್ತವೆ, ಅದಲುಬದಲಾದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ಸೈಡ್ ಶಿಮ್‌ಗಳನ್ನೂ ಎಡ-ಬಲ ಬೇರೆ ಬೇರೆ ಕಟ್ಟಿಡಿ.

ಕ್ರೌನ್ ಬೋಲ್ಟ್ ಬಿಚ್ಚುವ ಮುಂಚೆ ಎಡಗೈ ಥ್ರೆಡ್ಡೇ (ಉಲ್ಟಾ ತಿರುಗಿಸಿ ಬಿಚ್ಚುವಂಥದ್ದೇ) ನೋಡಿ. ಕೆಲವು ಆಕ್ಸಲ್‌ಗಳಲ್ಲಿ ಹಾಗಿರುತ್ತದೆ, ಜೋರು ಹಾಕಿದರೆ ತಲೆ ತುಂಡಾಗುತ್ತದೆ. ಹೊಸ ಕ್ರೌನ್ ಕೂರಿಸುವಾಗ ಕೇಸ್‌ನ ಮುಖವನ್ನು ಎಣ್ಣೆಗಲ್ಲಿನಿಂದ ಉಜ್ಜಿ ಒರೆಸಿ. ಒಂದು ಚೂರು ಕಸ ಸಿಕ್ಕಿಕೊಂಡರೂ ಕ್ರೌನ್ ವಾಲಿ ತಿರುಗುತ್ತದೆ. ಆ ವಾಲುವಿಕೆ 0.05 ಮಿ.ಮೀ. ಮೀರಬಾರದು. ಕ್ರೌನನ್ನು 90–100 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತಾನೇ ಜಾರಿ ಕೂರುತ್ತದೆ. ಬೋಲ್ಟಿನಿಂದ ಎಳೆದು ಕೂರಿಸಬೇಡಿ. ಥ್ರೆಡ್ ಲಾಕರ್ ಹಚ್ಚಿ ಎದುರುಬದುರು ಬಿಗಿಯಿರಿ.

ಇನ್ನು ಪಿನಿಯನ್ ಆಳ, ಅಂದರೆ ಪಿನಿಯನ್ ಕ್ರೌನ್ ಕಡೆಗೆ ಎಷ್ಟು ಒಳಗೆ ಕೂರಬೇಕು ಅನ್ನುವುದು. ಹಳೆ ಶಿಮ್‌ನ ದಪ್ಪವೇ ಮೊದಲ ಅಂದಾಜು. ಪಿನಿಯನ್ ತಲೆಯ ಮೇಲೆ +2, -1 ಅಂತ ಕೊರೆದಿರುತ್ತದೆ. ಅದು ಕೆಲವರದ್ದು ಮಿಲಿಮೀಟರಿನ ನೂರನೇ ಭಾಗ, ಕೆಲವರದ್ದು ಇಂಚಿನ ಸಾವಿರದ ಭಾಗ. ಮ್ಯಾನುಯಲ್ ನೋಡದೆ ಕೂಡಿ ಕಳೆಯಬೇಡಿ. ಶಿಮ್ ಬೇರಿಂಗ್ ಮತ್ತು ಪಿನಿಯನ್ ತಲೆಯ ನಡುವೆ ಇದ್ದರೂ, ಹೌಸಿಂಗ್‌ನಲ್ಲಿ ಬೇರಿಂಗ್ ಕಪ್‌ನ ಹಿಂದೆ ಇದ್ದರೂ, ದಪ್ಪ ಮಾಡಿದರೆ ಪಿನಿಯನ್ ಕ್ರೌನ್ ಕಡೆ ಹೋಗುತ್ತದೆ.

ಶಿಮ್‌ಪ್ಯಾಕ್:
ಒಂದು ತಿದ್ದುಪಡಿ. ಫೋರ್ಡ್ 9 ಇಂಚಿನಂತೆ ಪಿನಿಯನ್ ತನ್ನದೇ ಗೂಡಿನಲ್ಲಿ ಕೂತು ಬೋಲ್ಟ್ ಆಗುವ ಕಡೆ ಇದು ಉಲ್ಟಾ. ಅಲ್ಲಿ ಗೂಡಿನ ಕೆಳಗಿನ ಶಿಮ್ ದಪ್ಪವಾದರೆ ಪಿನಿಯನ್ ದೂರ ಸರಿಯುತ್ತದೆ.

ಮತ್ತೆ, ಆಳ ಹೊಂದಿಸುವಾಗ ಪಿನಿಯನ್ ನಾಲ್ಕೈದು ಸಲ ಒಳಗೆ ಹೊರಗೆ ಆಗುತ್ತದೆ. ಪ್ರತಿ ಸಲ ಹೊಸ ಬೇರಿಂಗ್ ಪ್ರೆಸ್ ಮಾಡಿ ಎಳೆದರೆ ಅದರ ಕೇಜ್ ಕೆಡುತ್ತದೆ. ಅದೇ ನಂಬರಿನ ಇನ್ನೊಂದು ಬೇರಿಂಗ್ ತಂದು ಒಳ ರಂಧ್ರವನ್ನು ಕೈಯಲ್ಲಿ ಜಾರುವಷ್ಟು ಉಜ್ಜಿ ಇಟ್ಟುಕೊಳ್ಳಿ. ಹೊಂದಾಣಿಕೆ ಪೂರ್ತಿ ಅದರಲ್ಲೇ, ಕ್ರಷ್ ಸ್ಲೀವ್ ಇಲ್ಲದೆ. ಹೊಸ ಬೇರಿಂಗ್ ಕೊನೆಗೆ ಒಂದೇ ಸಲ ಒತ್ತಬೇಕು.

ಡಯಲ್‌ಗೇಜ್:
ಸರಿಯಾದ ಮಾತು, ಬರೆಯುವುದು ಬಿಟ್ಟುಹೋಗಿತ್ತು.

ಬ್ಯಾಕ್‌ಲ್ಯಾಶ್: ಡಯಲ್ ಗೇಜಿನ ಮುಳ್ಳು ಕ್ರೌನ್ ಹಲ್ಲಿನ ಹೊರತುದಿಗೆ ನೇರವಾಗಿ ತಾಗಲಿ, ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ. 0.15ರಿಂದ 0.25 ಮಿ.ಮೀ. ಸಾಮಾನ್ಯ ಅಳತೆ, ಸೆಟ್ ಜೊತೆ ಬಂದ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಸುತ್ತಲೂ ನಾಲ್ಕು ಕಡೆ ನೋಡಿ, ವ್ಯತ್ಯಾಸ 0.05 ಒಳಗಿರಬೇಕು. ಒಂದು ಪಕ್ಕದಿಂದ 0.10 ಶಿಮ್ ತೆಗೆದು ಇನ್ನೊಂದು ಪಕ್ಕಕ್ಕೆ ಹಾಕಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಬದಲಾಗುತ್ತದೆ. ಸೈಡ್ ಬೇರಿಂಗ್‌ಗೆ ಬಿಗಿ ಇರಬೇಕು: ಸಡಿಲ ಹೋದ ಮೇಲೆ ಎರಡೂ ಕಡೆ ಸೇರಿ 0.1–0.2 ಮಿ.ಮೀ. ಹೆಚ್ಚುವರಿ ಶಿಮ್. ಹೌಸಿಂಗ್ ಅಗಲಿಸುವ ಸ್ಪ್ರೆಡರ್ ಬಳಸಿದರೆ ಅರ್ಧ ಮಿ.ಮೀ. ದಾಟಬಾರದು, ದಾಟಿದರೆ ಹೌಸಿಂಗ್ ಹಿಂದಿನ ಆಕಾರಕ್ಕೆ ಬರುವುದಿಲ್ಲ.

ಕೊನೆಗೆ ಹಲ್ಲಿನ ಗುರುತು, ತೀರ್ಪು ಕೊಡುವುದು ಅದೇ. ಕ್ರೌನ್‌ನ ಮೂರು ನಾಲ್ಕು ಹಲ್ಲಿಗೆ ಎರಡೂ ಮುಖಕ್ಕೆ ಹಳದಿ ಪೇಸ್ಟ್ ತೆಳ್ಳಗೆ ಬಳಿಯಿರಿ. ಕ್ರೌನ್ ಮೇಲೆ ಬಟ್ಟೆ ಒತ್ತಿ ಹಿಡಿದು ಭಾರ ಕೊಡುತ್ತಾ ಪಿನಿಯನ್ ತಿರುಗಿಸಿ, ಆಚೆಗೂ ಈಚೆಗೂ. ಭಾರ ಇಲ್ಲದೆ ತಿರುಗಿಸಿದರೆ ಗುರುತು ಮಸುಕಾಗಿ ಬಿದ್ದು ದಾರಿ ತಪ್ಪಿಸುತ್ತದೆ. ಪೇಸ್ಟ್ ಒರೆಸಿಹೋದ ಜಾಗ ಕಣ್ಣಿಗೆ ಹೊಳೆಯುವ ಅಂಡಾಕಾರದ ಕಲೆಯಂತೆ ಕಾಣುತ್ತದೆ. ಸುತ್ತ ಪೇಸ್ಟ್ ಸಣ್ಣ ಅಂಚು ಕಟ್ಟಿರುತ್ತದೆ.

ಆ ಕಲೆ ಹಲ್ಲಿನ ಎತ್ತರದಲ್ಲಿ ನಡುವೆ ಇರಬೇಕು. ಎರಡೂ ಮುಖದಲ್ಲಿ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಒಳಗಿದೆ, ಶಿಮ್ ಕಡಿಮೆ ಮಾಡಿ. ಎರಡರಲ್ಲೂ ನೆತ್ತಿಗೆ ಏರಿದ್ದರೆ ಪಿನಿಯನ್ ದೂರ, ಶಿಮ್ ಸೇರಿಸಿ. ಮೊದಲು 0.10ರ ಹೆಜ್ಜೆ, ಹತ್ತಿರ ಬಂದ ಮೇಲೆ 0.05. ಕಲೆ ಒಳತುದಿ ಕಡೆಗೋ ಹೊರತುದಿ ಕಡೆಗೋ ಸ್ವಲ್ಪ ವಾಲಿದ್ದರೆ ಗಾಬರಿ ಬೇಡ. ಬ್ಯಾಕ್‌ಲ್ಯಾಶ್ ಕಡಿಮೆ ಮಾಡಿದರೆ ಅದು ಒಳತುದಿಗೆ ಸರಿಯುತ್ತದೆ. ಆದರೆ ಹಲ್ಲಿನ ಅಂಚಿನಿಂದ ಆಚೆ ಚೆಲ್ಲಿದ ಕಲೆಯನ್ನು ಎಂದೂ ಒಪ್ಪಬೇಡಿ. ಆಳ ಬದಲಿಸಿದಾಗಲೆಲ್ಲ ಬ್ಯಾಕ್‌ಲ್ಯಾಶ್ ಮತ್ತೆ ಹೊಂದಿಸಿಯೇ ಮುಂದಿನ ಗುರುತು ತೆಗೆಯಬೇಕು, ಇಲ್ಲದಿದ್ದರೆ ಎರಡು ತಪ್ಪು ಸೇರಿ ಒಂದು ಸರಿಯಂತೆ ಕಾಣುತ್ತದೆ.

ಐದನೇಗೇರ್:
ಕ್ರಷ್ ಸ್ಲೀವ್ ಎರಡು ಇಟ್ಟುಕೊಳ್ಳಿ ಅಂದಿರಿ. ಅಷ್ಟು ಸುಲಭವಾಗಿ ಕೆಡುತ್ತದೆಯೇ?

ಶಿಮ್‌ಪ್ಯಾಕ್:
ಕೆಡುವುದು ಕಾಲು ಸುತ್ತಿನಲ್ಲಿ. ಅದು ಕುಸಿಯಲು ಶುರುವಾಗುವುದಕ್ಕೇ ನಟ್ ಮೇಲೆ 300–400 ನ್ಯೂಟನ್ ಮೀಟರ್ ಬೇಕಾಗಬಹುದು, ಮೀಟರ್ ಉದ್ದದ ಪೈಪ್ ಹಾಕಿ ಎಳೆಯುತ್ತಿರುತ್ತೀರಿ. ಒಮ್ಮೆ ಕುಸಿದ ಮೇಲೆ ಬೇರಿಂಗ್‌ನ ಸಡಿಲ ಹೋಗಿ ಬಿಗಿ ಹತ್ತುವುದು ನಟ್‌ನ ಕೆಲವೇ ಡಿಗ್ರಿಗಳಲ್ಲಿ. ಹೊಸ ಬೇರಿಂಗ್‌ಗೆ ಪಿನಿಯನ್ ತಿರುಗಿಸಲು ಬೇಕಾದ ಬಲ 1.7ರಿಂದ 3.4 ನ್ಯೂಟನ್ ಮೀಟರ್, ಹಳೆ ಬೇರಿಂಗೇ ಮತ್ತೆ ಹಾಕಿದರೆ ಅದರ ಅರ್ಧ. ಹೆಚ್ಚಾದರೆ ನಟ್ ಹಿಂದಕ್ಕೆ ಬಿಡಿಸಿ ಸರಿಮಾಡುವ ಹಾಗಿಲ್ಲ; ಸ್ಲೀವ್ ಆಗಲೇ ಗಿಡ್ಡವಾಗಿದೆ, ಬಿಡಿಸಿದರೆ ನಟ್ ಸಡಿಲವಾಗಿ ಉಳಿಯುತ್ತದೆ. ಸೀಲ್ ಕಿತ್ತು ಹೊಸ ಸ್ಲೀವ್ ಹಾಕಿ ಮೊದಲಿಂದ.

ಕ್ಲಿಕ್ ಅನ್ನುವ ಟಾರ್ಕ್ ರೆಂಚ್‌ನಿಂದ ಈ ಬಲ ಅಳೆಯಲು ಬರುವುದಿಲ್ಲ, ಮುಳ್ಳಿನದು ಬೇಕು. ಇಲ್ಲದಿದ್ದರೆ ಫ್ಲಾಂಜ್‌ಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಫ್ಲಾಂಜ್ ತ್ರಿಜ್ಯ 5 ಸೆಂ.ಮೀ. ಇದ್ದರೆ 4.5 ಕೆ.ಜಿ. ತೋರಿಸಿದಾಗ 2.2 ನ್ಯೂಟನ್ ಮೀಟರ್. ತಿರುಗಲು ಶುರುವಾಗುವಾಗಿನ ಅಂಕಿ ಬೇಡ, ಒಂದೇ ಸಮ ತಿರುಗುತ್ತಿರುವಾಗಿನದು. ಕೇಸ್ ಮತ್ತು ಆಕ್ಸಲ್ ಶಾಫ್ಟ್ ಆಗ ಒಳಗಿರಬಾರದು.

ಮುಂಚಕ್ರ:
ಇಲ್ಲೇ ಕೇಳುತ್ತೇನೆ, ಫ್ರಂಟ್ ವೀಲ್ ಡ್ರೈವ್ ಗಾಡಿಗೂ ಇಷ್ಟೆಲ್ಲ ಇದೆಯೇ?

ಹಲ್ಲೆಣಿಕೆ:
ಎಂಜಿನ್ ಅಡ್ಡ ಕೂತಿದ್ದರೆ ಆಳ, ಹಲ್ಲಿನ ಗುರುತು ಯಾವುದೂ ಇಲ್ಲ. ಅಲ್ಲಿರುವುದು ಓರೆ ಹಲ್ಲಿನ ಸಾದಾ ಗೇರ್. ಆದರೆ ಪಿನಿಯನ್ ಸಾಮಾನ್ಯವಾಗಿ ಗೇರ್‌ಬಾಕ್ಸ್‌ನ ಔಟ್‌ಪುಟ್ ಶಾಫ್ಟ್‌ನ ಭಾಗವೇ ಆಗಿರುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಇಳಿಸಿ, ಪೂರ್ತಿ ಬಿಚ್ಚಿ, ಶಾಫ್ಟ್ ಸಮೇತ ಬದಲಿಸಬೇಕು. ಅದೇ ಗೇರ್‌ಬಾಕ್ಸ್ ಬೇರೆ ಮಾಡೆಲ್‌ನಲ್ಲಿ ಗಿಡ್ಡ ಫೈನಲ್ ಡ್ರೈವ್ (ಸಂಖ್ಯೆ ಹೆಚ್ಚಿರುವ ಕೊನೆಯ ರೇಶಿಯೋ) ಜೊತೆ ಬರುತ್ತದೆಯೇ ನೋಡಿ, ಅದನ್ನೇ ಇಡಿಯಾಗಿ ಹಾಕುವುದು ಜಾಣತನ. ಫೋರ್ ವೀಲ್ ಡ್ರೈವ್‌ನವರು ಮುಂದೆ ಹಿಂದೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. 4.10 ಮತ್ತು 4.11ರಷ್ಟು ಅಂತರ ನಡೆಯುತ್ತದೆ, 3.55ಕ್ಕೆ 4.10 ಜೊತೆಮಾಡಿ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಟ್ರಾನ್ಸ್‌ಫರ್ ಕೇಸ್ ಉಳಿಯುವುದಿಲ್ಲ.

ನೆಲಹಿಡಿತ:
ಮೀಟರ್ ವಿಷಯ ಯಾರೂ ಎತ್ತಲಿಲ್ಲ. ಸ್ಪೀಡೋಮೀಟರ್ ಗೇರ್‌ಬಾಕ್ಸ್‌ನಿಂದ ವೇಗ ತೆಗೆದುಕೊಂಡರೆ ನಿಜವಾದ 100ಕ್ಕೆ 115 ತೋರಿಸುತ್ತದೆ, ಓಡೋಮೀಟರ್ ಕೂಡ ಹಾಗೇ ಓಡುತ್ತದೆ. ಕೇಬಲ್ ಇರುವುದಾದರೆ ಪ್ಲಾಸ್ಟಿಕ್ ಗೇರ್ ಬದಲಿಸಿ: 18 ಹಲ್ಲಿನದಿದ್ದರೆ 21. ಚಕ್ರದ ಎಬಿಎಸ್ ಸೆನ್ಸರ್‌ನಿಂದ ಬರುವುದಾದರೆ ಮೀಟರ್ ಕೆಡುವುದಿಲ್ಲ. ಆದರೆ ಕೆಲವು ಆಕ್ಸಲ್‌ಗಳಲ್ಲಿ ಎಬಿಎಸ್ ಹಲ್ಲುಬಳೆ ಡಿಫರೆನ್ಷಿಯಲ್ ಕೇಸ್ ಮೇಲೇ ಇರುತ್ತದೆ, ಹೊಸ ಕೇಸಿಗೆ ಅದನ್ನು ದಾಟಿಸಲು ಮರೆಯಬಾರದು. ಆಟೊಮ್ಯಾಟಿಕ್ ಆಗಿದ್ದರೆ ಚಕ್ರದ ವೇಗಕ್ಕೂ ಗೇರ್‌ಬಾಕ್ಸ್ ವೇಗಕ್ಕೂ ತಾಳೆಯಾಗದೆ ಕಂಪ್ಯೂಟರ್ ಎರರ್ ಕೊಡಬಹುದು, ಅದರಲ್ಲಿ ಹೊಸ ರೇಶಿಯೋ ಬರೆಸಬೇಕು.

ಡಯಲ್‌ಗೇಜ್:
ಆಯಿಲ್ ಜಿಎಲ್-5 ದರ್ಜೆಯದು, 75ಡಬ್ಲ್ಯೂ-90 ಅಥವಾ ಮ್ಯಾನುಯಲ್ ಹೇಳಿದ್ದು. ಕ್ರೌನ್-ಪಿನಿಯನ್‌ನ ಹೈಪಾಯ್ಡ್ (ಪಿನಿಯನ್ ಅಕ್ಷ ಕ್ರೌನ್ ನಡುವಿನಿಂದ ತಪ್ಪಿಸಿ ಕೂತ) ಹಲ್ಲು ಉರುಳುವುದಕ್ಕಿಂತ ಹೆಚ್ಚಾಗಿ ಜಾರುತ್ತದೆ, ಜಿಎಲ್-4 ಅದಕ್ಕೆ ಸಾಲದು. ತುಂಬುವ ರಂಧ್ರದ ಕೆಳ ಅಂಚಿನವರೆಗೆ. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ) ಕ್ಲಚ್ ಇದ್ದರೆ ಫ್ರಿಕ್ಷನ್ ಮಾಡಿಫೈಯರ್ ಸೇರಿಸಿ. ಮೊದಲು 25–30 ಕಿ.ಮೀ. ನಿಧಾನವಾಗಿ ಓಡಿಸಿ ಅರ್ಧ ಗಂಟೆ ಆರಲು ಬಿಡಿ. ಹೀಗೆ ಮೂರು ಸಲ. ಹೊಸ ಹಲ್ಲುಗಳು ಒಂದನ್ನೊಂದು ನಯ ಮಾಡಿಕೊಳ್ಳುವಾಗ ಬಿಸಿ ವಿಪರೀತ ಏರುತ್ತದೆ, ಆಗ ಒತ್ತಿ ಓಡಿಸಿದರೆ ಹಲ್ಲಿನ ಹದ ಸುಟ್ಟುಹೋಗುತ್ತದೆ. 800 ಕಿ.ಮೀ.ವರೆಗೆ ಟ್ರೇಲರ್ ಬೇಡ, ಆಮೇಲೆ ಆಯಿಲ್ ಬದಲಿಸಿ. ಮ್ಯಾಗ್ನೆಟ್‌ಗೆ ಬೂದುಬಣ್ಣದ ಕೆಸರು ಅಂಟಿದ್ದರೆ ಸಹಜ. ಉಗುರಿಗೆ ಸಿಗುವ ಚೂರು ಇದ್ದರೆ ಮತ್ತೆ ಬಿಚ್ಚಬೇಕು.

ಐದನೇಗೇರ್:
ಕೂರಿಸಿದ ಮೇಲೆ ಸದ್ದು ಬಂದರೆ ಯಾವುದು ಯಾವುದರಿಂದ ಅಂತ ಹೇಗೆ ತಿಳಿಯುವುದು?

ಶಿಮ್‌ಪ್ಯಾಕ್:
ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಇಲ್ಲವೇ ಬಿಟ್ಟಾಗ ಮಾತ್ರ ಕೊಳಲಿನಂತೆ ಊಳಿಟ್ಟರೆ ಹಲ್ಲಿನ ಗುರುತು ಸರಿಯಿಲ್ಲ, ಪಿನಿಯನ್ ಆಳವನ್ನೇ ಮೊದಲು ಅನುಮಾನಿಸಿ. ಒತ್ತಿದರೂ ಬಿಟ್ಟರೂ ಒಂದೇ ಸಮ ಗುರ್ರೆಂದು ವೇಗದ ಜೊತೆ ಏರಿದರೆ ಬೇರಿಂಗ್. ಬಿಟ್ಟು ಮತ್ತೆ ಒತ್ತಿದಾಗ ಟಕ್ ಅಂದರೆ ಬ್ಯಾಕ್‌ಲ್ಯಾಶ್ ಜಾಸ್ತಿ, ಆದರೆ ಅದಕ್ಕೂ ಮುಂಚೆ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ನೋಡಿ. ತಿರುವಿನಲ್ಲಿ ಮಾತ್ರ ಬಂದರೆ ಕ್ರೌನ್-ಪಿನಿಯನ್ ತಪ್ಪಲ್ಲ, ಕೇಸ್ ಒಳಗಿನ ಚಿಕ್ಕ ಗೇರ್‌ಗಳು ಇಲ್ಲವೇ ಲಿಮಿಟೆಡ್ ಸ್ಲಿಪ್ ಕ್ಲಚ್.

ಡಯಲ್‌ಗೇಜ್:
ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಊದಿ ನೋಡಿಯೇ ಗಾಡಿ ಇಳಿಸಿ. ಅದು ಮಣ್ಣು ಕಟ್ಟಿಕೊಂಡಿದ್ದರೆ ಬಿಸಿಗೆ ಒಳಗೆ ಒತ್ತಡ ಏರಿ ಹೊಸ ಪಿನಿಯನ್ ಸೀಲ್‌ನಿಂದಲೇ ಆಯಿಲ್ ಬರುತ್ತದೆ, ನೀವು ಸೀಲ್ ಸರಿಯಾಗಿ ಕೂರಲಿಲ್ಲ ಅಂದುಕೊಂಡು ನಟ್ ಬಿಚ್ಚಿದರೆ ಕ್ರಷ್ ಸ್ಲೀವ್ ಕಥೆ ಮತ್ತೆ ಮೊದಲಿಂದ.